ಪಾರ್ಕಿನ್‌ನ ಮರಿಗಳು

ಟಾಡ್ಮರ್ಡನ್,
ಶನಿವಾರ, ೯ ಅಕ್ಟೋಬರ್ ೨೦೦೪

ಪ್ರಿಯ ಬೆರಿಲ್,

ಲಕೋಟೆಯ ಮೇಲಿನ ಕೈಬರಹ ನೋಡಿದ ಕೂಡಲೇ ಇದನ್ನು ಒಲೆಗೆ ಹಾಕಬೇಕು ಅಂತ ನಿನಗೆ ಅನ್ನಿಸಿರುತ್ತದೆ. ಹಾಕುವುದಾದರೆ ಕೊನೆಯ ಹಾಳೆಯವರೆಗೆ ಓದಿ ಆಮೇಲೆ ಹಾಕು. ನಾವಿಬ್ಬರೂ ಮಾತು ಬಿಟ್ಟು ನಾಲ್ಕು ವರ್ಷವಾಯಿತು, ಕ್ರಿಸ್‌ಮಸ್‌ಗೆ ಒಂದು ಕಾರ್ಡೂ ಇಲ್ಲ. ಬ್ರಿಗ್‌ಹೌಸ್ ಏನು ಸಮುದ್ರದಾಚೆ ಇದೆಯೇ? ಆದರೂ ನಿನ್ನ ಬಾಗಿಲು ತಟ್ಟುವ ಮುಖ ನನಗಿರಲಿಲ್ಲ, ನನ್ನ ಬಾಗಿಲು ತಟ್ಟುವ ಮನಸ್ಸು ನಿನಗಿರಲಿಲ್ಲ.

ಸುತ್ತಿ ಬಳಸದೆ ಕೇಳಿಬಿಡುತ್ತೇನೆ. ನನ್ನ ಹೆಣ್ಣಿಲಿ ಟಾಫಿ ಬುಧವಾರ ಬೆಳಿಗ್ಗೆ ಒಂಬತ್ತು ಮರಿ ಹಾಕಿದ್ದಾಳೆ. ನನಗೆ ಇದೇ ಇಪ್ಪತ್ತಕ್ಕೆ ಎದೆಯ ಆಪರೇಷನ್. ತಾಯಿಯನ್ನೂ ಮರಿಗಳನ್ನೂ ನೀನು ಇಟ್ಟುಕೊಳ್ಳಬೇಕು. ಕೆಲವು ವಾರಕ್ಕಲ್ಲ, ಇಟ್ಟುಕೊಂಡೇಬಿಡಬೇಕು.

ಈ ವಯಸ್ಸಿನಲ್ಲಿ, ಈ ಎದೆ ಇಟ್ಟುಕೊಂಡು ಮರಿ ಮಾಡಿಸಲು ಹೋದೆಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ ಅಂತ ನೀನು ಬೈಯುತ್ತೀಯ. ಬೈಯಿ. ಎಂಟು ತಿಂಗಳಿಂದ ಆಸ್ಪತ್ರೆಯವರು ಇವತ್ತು ಕರೆಯುತ್ತಾರೆ, ನಾಳೆ ಕರೆಯುತ್ತಾರೆ ಅಂತ ಕಾದು ಸಾಕಾಗಿ, ಇನ್ನು ಬರುವ ವರ್ಷವೇ ಸರಿ ಅಂದುಕೊಂಡು ಟಾಫಿಯನ್ನು ಗಂಡಿನ ಜೊತೆ ಬಿಟ್ಟೆ. ಅವಳ ಹೊಟ್ಟೆ ಪೇರ್ ಹಣ್ಣಿನ ಹಾಗೆ ಉಬ್ಬಿದ ದಿನವೇ ಆಸ್ಪತ್ರೆಯ ಪತ್ರ ಬಂತು. ಡಾಕ್ಟರು "ಆರು ವಾರ ಕೆಟಲ್ ಕೂಡ ಎತ್ತೋ ಹಾಗಿಲ್ಲ ಮಿಸ್ ಹೊಲ್ರಾಯ್ಡ್" ಅಂದರು. "ಇಲಿ ಎತ್ತಬಹುದಾ?" ಅಂದೆ. ಆ ಮನುಷ್ಯ ನನ್ನ ಮುಖವನ್ನೊಮ್ಮೆ ನೋಡಿ ಕಾಗದದಲ್ಲಿ ಏನೋ ಬರೆದುಕೊಂಡ. ಎದೆಯ ಜೊತೆ ತಲೆಯನ್ನೂ ನೋಡಿ ಅಂತ ಬರೆದಿರಬೇಕು.

ನನ್ನ ತಮ್ಮನ ಮಗಳು ಜಿಲ್ ಒಳ್ಳೆಯವಳು, ಆದರೆ ಇಲಿ ಅಂದರೆ ಕುರ್ಚಿ ಹತ್ತುವ ಜಾತಿ. "ಅತ್ತೇ, ಯಾವುದಾದ್ರೂ ಪೆಟ್ ಅಂಗಡಿಗೆ ಕೊಟ್ಬಿಡೋಣ, ಯಾರೋ ತಗೊಂಡು ಹೋಗ್ತಾರೆ" ಅಂದಳು. ಆ ಯಾರೋ ಅನ್ನುವವರಲ್ಲಿ ಹಾವು ಸಾಕುವವರೂ ಇರುತ್ತಾರೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಮ್ಮ ಇಲಿ ಕ್ಲಬ್ಬಿನಲ್ಲಿ ಈಗಿರುವವರ ಅರ್ಧ ಹೆಸರು ನನಗೆ ತಿಳಿಯದು. ಬಾಣಂತಿ ಇಲಿಯನ್ನು ಯಾರ ಕೈಯಲ್ಲಾದರೂ ಕೊಟ್ಟು ನಾನು ನೆಮ್ಮದಿಯಾಗಿ ಆ ಆಪರೇಷನ್ ಮೇಜಿನ ಮೇಲೆ ಮಲಗಬಲ್ಲೆ ಅಂದರೆ ಅದು ನಿನ್ನ ಕೈಯಲ್ಲಿ ಮಾತ್ರ.

ನಗು ಬರುತ್ತದೆ ನೋಡು. ಇದನ್ನು ನಾನು ಬರೆಯುತ್ತಿರುವುದು ಬೆರಿಲ್ ಸಗ್ಡನ್‌ಗೆ. ಎಪ್ಪತ್ತೆಂಟರ ಆ ಮೊದಲ ಇಲಿ ಪ್ರದರ್ಶನದಲ್ಲಿ ಚಾಪೆಲ್ಲಿನ ಸಭಾಂಗಣದಲ್ಲಿ ಇಲಿಗಳಿಗೆ ಬೆನ್ನು ಹಾಕಿ ಕೂತು ಸ್ವೆಟರ್ ಹೆಣೆಯುತ್ತಿದ್ದವಳಿಗೆ! ನಿನ್ನ ಗಂಡನನ್ನು, ನಾರ್ಮನ್‌ನನ್ನು, ನಾನು ನೋಡಿದ್ದು ಅವತ್ತೇ ಮೊದಲು. ಅವನ ಪೆಟ್ಟಿಗೆಯೂ ನನ್ನ ಪೆಟ್ಟಿಗೆಯೂ ಒಂದೇ ಮೇಜಿನ ಮೇಲಿದ್ದವು. ಬಸ್ ಡಿಪೋದ ಗ್ರೀಸು ಉಗುರಿನ ಸಂದಿಯಲ್ಲಿ ಹಾಗೇ ಇತ್ತು, ಆದರೆ ಇಲಿಯನ್ನು ಎತ್ತುವಾಗ ಆ ಕೈ ಎಷ್ಟು ಮೆತ್ತಗಾಗುತ್ತಿತ್ತು. ನೀನು ತಿರುಗಿಯೂ ನೋಡದೆ "ಬಾಲ ಒಂದಿಲ್ದೇ ಇದ್ದಿದ್ರೆ ಸಹಿಸಬಹುದಿತ್ತು" ಅಂದೆ. "ಬಾಲ ಇಲ್ದಿರೋದು ಬೇಕಾದ್ರೆ ಹ್ಯಾಮ್‌ಸ್ಟರ್ ಸಾಕ್ಕೋ ಹೋಗೇ" ಅಂದ ಅವನು. ಅಷ್ಟರಲ್ಲಿ ಅವನ ಗಂಡಿಲಿ ತೀರ್ಪುಗಾರರ ಬಿಳಿ ಕೋಟಿನ ತೋಳಿನ ಮೇಲೆ ಉಚ್ಚೆ ಹೊಯ್ದು, ಅದರ ಮೇಲೂ ಎರಡನೇ ಬಹುಮಾನ ಹೊಡೆಯಿತು.

ಆ ಶನಿವಾರಗಳು ಎಲ್ಲಿ ಹೋದವು ಬೆರಿಲ್? ಬಿಂಗ್ಲಿ, ಕೀಲಿ, ಹಡರ್ಸ್‌ಫೀಲ್ಡ್. ಮಡಚುವ ಮೇಜು, ದೊಡ್ಡ ಹಂಡೆಯಲ್ಲಿ ಕುದಿದು ಕುದಿದು ಕಪ್ಪಾದ ಟೀ, ಒದ್ದೆ ಕೋಟುಗಳ ವಾಸನೆ, ಮರದ ಹೊಟ್ಟಿನ ವಾಸನೆ. ವಾಪಸ್ ಬರುವಾಗ ನಾರ್ಮನ್‌ನ ಹಳೇ ವ್ಯಾನಿನ ಹಿಂದೆ ನಾನು ಪೆಟ್ಟಿಗೆಗಳ ನಡುವೆ ಕೂತು, ಮುಂದೆ ನೀವಿಬ್ಬರೂ ದಾರಿಗಾಗಿ ಜಗಳವಾಡುವುದನ್ನು ಕೇಳುತ್ತಿದ್ದೆ. ಲೈಬ್ರರಿಯಲ್ಲಿ ವಾರವಿಡೀ ಪಿಸುಗುಟ್ಟುತ್ತ ಕೆಲಸ ಮಾಡುವ ನನಗೆ ಆ ಗದ್ದಲವೇ ಹಬ್ಬ. ಮನೆಗೆ ಹೋದರೆ ಮಾತಾಡಲು ಯಾರಿದ್ದರು?

ಜೋಡಿ ಬಾಣಂತನ ಅನ್ನುವುದು ನಾರ್ಮನ್‌ನದೇ ಮಾತು. ನಿಮ್ಮಲ್ಲೊಂದು, ನಮ್ಮಲ್ಲೊಂದು, ಎರಡು ಹೆಣ್ಣುಗಳನ್ನು ಒಂದೇ ವಾರ ಗಂಡಿನ ಜೊತೆ ಬಿಡುವುದು. ಒಂದು ಸತ್ತರೆ, ಒಂದಕ್ಕೆ ಹಾಲು ಬತ್ತಿದರೆ, ಇನ್ನೊಂದರ ಮಡಿಲಿಗೆ ಮರಿಗಳನ್ನು ಸೇರಿಸುವುದು. ಕ್ಲಬ್ಬಿನ ಹಳಬರೆಲ್ಲ ಹಾಗೇ ಮಾಡುತ್ತಿದ್ದರು, ಆದರೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ಸಿಲಿನಿಂದ ಇಪ್ಪತ್ತೆರಡು ದಿನ ಎಣಿಸಿ ಗುರುತು ಹಾಕಿ ನನಗೆ ಫೋನ್ ಮಾಡುತ್ತಿದ್ದವನು ಅವನೊಬ್ಬನೇ. "ಏ ಎನಿಡ್, ನಮ್ಮವಳು ಗೂಡಿಗೆ ಕಾಗದ ಹರಿಯೋಕೆ ಶುರು ಮಾಡಿದ್ಲು, ನಿಮ್ಮವಳು?" ಅನ್ನುತ್ತಿದ್ದ. ನೀನು ಹಿಂದಿನಿಂದ "ನನ್ನ ಹೆರಿಗೆಗಾದ್ರೂ ಇಷ್ಟು ಗಾಬರಿ ಆಗಿದ್ರಾ ನೋಡು" ಅಂತ ಕೂಗುತ್ತಿದ್ದೆ.

ಹೆಣ್ಣಿಲಿ ಪಾರ್ಕಿನ್ ಬಂದದ್ದು ಅವನ ಕೊನೆಯ ಎರಡು ವರ್ಷದಲ್ಲಿ. ನಿನ್ನ ಶುಂಠಿ ಕೇಕಿನ ಬಣ್ಣ ಅಂತ ಅವಳಿಗೆ ಆ ಕೇಕಿನ ಹೆಸರನ್ನೇ ಇಟ್ಟ. ಕಾಯಿಲೆ ಬಿದ್ದ ಮೇಲೆ ಅವಳು ಅವನ ಪೈಜಾಮದ ಕಾಲರಿನೊಳಗೇ ಇರುತ್ತಿದ್ದಳು. ಅವನಿಗೆ ಕೆಮ್ಮು ಬಂದಾಗ ಹೊರಗೆ ಬಂದು, ನಿಂತ ಮೇಲೆ ಮತ್ತೆ ಒಳಗೆ ಹೋಗಿ ಕುತ್ತಿಗೆಗೆ ಅಂಟಿಕೊಂಡು ಸಂತೋಷಕ್ಕೆ ಹಲ್ಲು ಮಸೆಯುತ್ತಿದ್ದಳು. ಆ ಸಣ್ಣ ಕರಕರ ಸದ್ದು ಕೇಳಿದರೇ ಅವನಿಗೆ ನಿದ್ದೆ ಹತ್ತುವುದು ಅಂತ ನೀನೇ ಹೇಳಿದ್ದೆ. ಅಷ್ಟಾದರೂ ತೊಂಬತ್ತೆರಡರ ಫೆಬ್ರವರಿಯಲ್ಲಿ ಹಟ ಮಾಡಿ ಜೋಡಿ ಬಾಣಂತನಕ್ಕೆ ಏರ್ಪಾಟು ಮಾಡಿಸಿದ. ನನ್ನ ಗಂಡಿಲಿ ಬ್ರಿಗೇಡಿಯರ್‌ನನ್ನೇ ಮೊದಲು ನನ್ನ ಡಚೆಸ್ ಜೊತೆ, ಎರಡು ದಿನ ಬಿಟ್ಟು ಪಾರ್ಕಿನ್ ಜೊತೆ ಬಿಟ್ಟೆವು. "ಈ ಸಲದ ಮರಿಗಳನ್ನು ನೋಡೇ ಹೋಗ್ತೀನಿ" ಅಂದ. ಮೂರು ದಿನದಲ್ಲಿ ತಪ್ಪಿಹೋಯಿತು.

ಅವನು ಬುಧವಾರ ಹೋದ. ಶನಿವಾರ ಪಾರ್ಕಿನ್ ಆರು ಮರಿ ಹಾಕಿ ತಾನೂ ಹೋದಳು. ಆವರೆಗೆ ಒಂದು ಇಲಿಯನ್ನೂ ಬೆರಳಿನಿಂದ ಮುಟ್ಟಿರದ ನೀನು ಆ ಆರನ್ನೂ ಉಲ್ಲನ್ ಕೈಗವಸಿನಲ್ಲಿ ತುಂಬಿ, ರವಿಕೆಯೊಳಗೆ ಎದೆಗಾನಿಸಿಕೊಂಡು ಬಸ್ಸು ಹತ್ತಿ ಬಂದೆ. ಪಕ್ಕದ ಸೀಟಿನವಳು "ಏನದು ಚೀಂ ಚೀಂ ಅಂತಿದೆ?" ಅಂತ ಕೇಳಿದಳಂತೆ. "ನನ್ನ ಗಂಡಂದು" ಅಂದೆಯಂತೆ. ಇವತ್ತಿಗೂ ಅದನ್ನು ನೆನೆದರೆ ನಗು ಬರುತ್ತದೆ, ನಗು ಮುಗಿಯುವಾಗ ಕಣ್ಣು ಒದ್ದೆಯಾಗಿರುತ್ತದೆ.

ಡಚೆಸ್‌ಗೆ ಆಗಲೇ ಎರಡು ದಿನದ ಎಂಟು ಮರಿ ಇದ್ದವು. ಅವಳನ್ನು ನನ್ನ ಮಡಿಲಲ್ಲಿ ಕೂರಿಸಿಕೊಂಡು ಗಂಜಿ ತಿನ್ನಿಸಿದೆ. ನೀನು ಅವಳ ಗೂಡಿನ ಕಾಗದದ ಚೂರುಗಳಿಂದ ಆ ಆರನ್ನೂ ಒಂದೊಂದಾಗಿ ಉಜ್ಜಿದೆ, ಗೂಡಿನ ವಾಸನೆ ಹತ್ತಲಿ ಅಂತ. ಆಮೇಲೆ ಅವಳ ಮರಿಗಳ ಅಡಿಗೆ ಸೇರಿಸಿದೆವು. ಡಚೆಸ್ ವಾಪಸ್ ಹೋಗಿ ಮೂಸಿದಳು, ನೆಕ್ಕಿದಳು, ಹದಿನಾಲ್ಕರ ಮೇಲೂ ಮಗ್ಗುಲಾಗಿ ಮಲಗಿದಳು. ಅರ್ಧ ಗಂಟೆಗೆ ಆ ಗುಲಾಬಿ ಬಣ್ಣದ ಬೋಳು ಹೊಟ್ಟೆಗಳೊಳಗೆ ಹಾಲು ಬೆಳ್ಳಗೆ ಪಟ್ಟಿಯಾಗಿ ಕಾಣಿಸಿತು. ನೀನು ಮೊದಲ ಸಲ ಅತ್ತದ್ದು ಆಗ. ನಾರ್ಮನ್ ಹೋದಾಗಲೂ ಅತ್ತಿರಲಿಲ್ಲವಂತೆ.

ಆಮೇಲಿನದೆಲ್ಲ ನಿನಗೇ ಗೊತ್ತು. ಆರರಲ್ಲಿ ಒಂದು ಉಳಿಯಲಿಲ್ಲ, ಐದು ಬದುಕಿದವು ಅಂತ ನಾನು ಹೇಳಿದೆ. ಐದು ವಾರ ಕಳೆದ ಮೇಲೆ ನೀನು ಬಂದು ಒಯ್ದೆ. "ವಯಸ್ಸಿಗೆ ಮೀರಿ ಬೆಳೆದಿವೆ ಕಣೇ, ನಿನ್ನ ಡಚೆಸ್ ಹಾಲು ಚೆನ್ನಾಗಿ ಹಿಡಿದಿದೆ" ಅಂದೆ. ಗಂಡ ಹೋದ ಮೇಲೆ ಪರದೆ ಎಳೆದುಕೊಂಡು ಅಡುಗೆಮನೆಯಲ್ಲಿ ಕೂತಿದ್ದ ಹೆಂಗಸು ಅವುಗಳ ನೆಪದಲ್ಲಿ ಎದ್ದಳು. ಗಂಡನ ಉಪಕರಣದ ಪೆಟ್ಟಿಗೆ ತೆಗೆದು ಪಂಜರ ಮಾಡಿದಳು. ತೊಂಬತ್ತೈದರಲ್ಲಿ ಬಿಂಗ್ಲಿಯಲ್ಲಿ ನಿನ್ನ ಹೆಣ್ಣಿಲಿಗೆ ಮೊದಲ ಬಹುಮಾನದ ರಿಬ್ಬನ್ ಕಟ್ಟಿದಾಗ ನೀನು ಸಭಾಂಗಣದ ನಡುವೆ ನಿಂತು "ಇದು ನಾರ್ಮನ್‌ದು" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಜಗಳದ ವಿಷಯಕ್ಕೆ ಬರುತ್ತೇನೆ. ಎರಡು ಸಾವಿರದ ವಸಂತದಲ್ಲಿ ನನ್ನ ಒಂದು ಹೆಣ್ಣಿಗೆ ನಿನ್ನ ಗಂಡಿಲಿ ಬೇಕಿತ್ತು, ಕೇಳಿದೆ. ಹುಟ್ಟಿದ್ದರಲ್ಲಿ ನಿನಗೆ ಇಷ್ಟವಾದದ್ದನ್ನು ನೀನೇ ಆರಿಸಿಕೋ ಅಂದೆ. ನೀನು ಟೀ ಕಪ್ಪು ಕೆಳಗಿಟ್ಟು, "ಬೇಜಾರು ಮಾಡ್ಕೋಬೇಡ ಎನಿಡ್, ಪಾರ್ಕಿನ್‌ನ ರಕ್ತಾನ ಸಿಕ್ಕ ಸಿಕ್ಕ ಇಲಿ ಜೊತೆ ಬೆರೆಸೋಕೆ ನನಗೆ ಮನಸ್ಸಿಲ್ಲ" ಅಂದೆ. ಇಪ್ಪತ್ತೆರಡು ವರ್ಷ ಇಲಿ ಸಾಕಿದವಳ ಇಲಿಗಳು ಸಿಕ್ಕ ಸಿಕ್ಕವಾದವು. ನನಗೆ ಮೈಯೆಲ್ಲ ಉರಿದುಹೋಯಿತು. "ರಕ್ತ ರಕ್ತ ಅಂತ ಎಷ್ಟು ಬಡ್ಕೋತೀಯೇ? ಅವು ಇಲಿ. ನಾರ್ಮನ್ ಅಲ್ಲ!" ಅಂದುಬಿಟ್ಟೆ. ನೀನು ಎದ್ದು ನನ್ನ ಕೋಟನ್ನು ತಂದು ನನ್ನ ಕೈಗೆ ಕೊಟ್ಟೆ. ಅದಕ್ಕೆ ಕ್ಷಮೆ ಕೇಳುತ್ತೇನೆ. ನಾಲ್ಕು ವರ್ಷ ಮೊದಲೇ ಕೇಳಬೇಕಿತ್ತು.

ಆದರೆ ಈ ಪತ್ರ ಆ ಕ್ಷಮೆಗಾಗಿ ಅಲ್ಲ. ಇಷ್ಟು ಬರೆದು ಎದ್ದು ಹೋಗಿ ಟಾಫಿಯ ನೀರು ನೋಡಿ ಬಂದೆ. ನೀರು ತುಂಬಿಯೇ ಇತ್ತು, ಧೈರ್ಯ ಸಾಲದೆ ಎದ್ದಿದ್ದೆ ಅಷ್ಟೇ. ಈಗ ಹೇಳುತ್ತೇನೆ.

ನಾರ್ಮನ್‌ನನ್ನು ಮಣ್ಣು ಮಾಡಿದ್ದು ಮಂಗಳವಾರ. ಅದೆಲ್ಲ ಮುಗಿದ ಮೇಲೆ ಮರಿಗಳನ್ನು ನೋಡಲು ಬರುತ್ತೇನೆ ಅಂತ ನೀನು ಹೇಳಿದ್ದೆ. ಅವತ್ತು ಬೆಳಿಗ್ಗೆ ನಾನು ಪಂಜರ ತೊಳೆದೆ ಬೆರಿಲ್. ಮೂಲೆ ಮೂಲೆ ಬಿಸಿನೀರು ಹಾಕಿ ತೊಳೆದೆ. ಹಳೆಯ ಗೂಡನ್ನು ತೆಗೆದು ಎಸೆದು, ಒಂದು ಮುಷ್ಟಿಯನ್ನೂ ಉಳಿಸದೆ, ಹೊಸ ಬಿಳಿ ಕಾಗದ ಹಾಸಿದೆ. ನೀನು ಅಂಥ ದಿನ ಬರುತ್ತಿದ್ದೀಯ, ನಿನ್ನ ಕಣ್ಣಿಗೆ ಚೆಂದ ಕಾಣಲಿ ಅಂತ. ಮೊದಲ ವಾರ ಬಾಣಂತಿಯ ಗೂಡಿಗೆ ಕೈ ಹಾಕಬಾರದು ಅಂತ ಕ್ಲಬ್ಬಿಗೆ ಬಂದ ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವಳೇ ನಾನು. ಆಮೇಲೆ ಕರಿ ಕೋಟು ಹಾಕಿಕೊಂಡು ಚಾಪೆಲ್ಲಿಗೆ ಬಂದೆ, ನಿನ್ನ ಹಿಂದಿನ ಬೆಂಚಿನಲ್ಲಿ ಕೂತೆ.

ವಾಪಸ್ ಬಂದು ಏಪ್ರನ್ ಕಟ್ಟಿಕೊಂಡು ನೋಡಿದರೆ ಡಚೆಸ್ ತನ್ನ ಎಂಟನ್ನೂ ಕಚ್ಚಿ ಒಯ್ದು ಮೂಲೆಯಲ್ಲಿ ಹೊಸ ಗೂಡು ಕಟ್ಟಿಕೊಂಡಿದ್ದಳು. ಪಾರ್ಕಿನ್‌ನ ಮರಿಗಳ ಮೈಯಲ್ಲಿ ಅವಳ ಗೂಡಿನ ವಾಸನೆ ಉಳಿದಿರಲಿಲ್ಲ. ಅವು ತೊಳೆದ ತಗಡಿನ ಮೇಲೆ ತಣ್ಣಗೆ ಬಿದ್ದಿದ್ದವು. ಕೈಯಲ್ಲಿ ಹಿಡಿದೆ, ಬಾಯಿಂದ ಬಿಸಿ ಉಸಿರು ಊದಿದೆ. ಮೂರು ದಿನದ ಮರಿಗಳು, ಮೈಮೇಲೆ ಒಂದು ಕೂದಲಿಲ್ಲ. ಅಷ್ಟರಲ್ಲಿ ನೀನು ಬಾಗಿಲಲ್ಲಿದ್ದೆ. ನಾನು ಅವನ್ನು ಏಪ್ರನ್ ಜೇಬಿಗೆ ಹಾಕಿಕೊಂಡು ಬಾಗಿಲು ತೆರೆದೆ.

"ನಾರ್ಮನ್‌ವು ಯಾವುವೇ?" ಅಂತ ಕೇಳಿದೆ ನೀನು. ಟೋಪಿ ಕೂಡ ತೆಗೆದಿರಲಿಲ್ಲ, ಅತ್ತು ಅತ್ತು ಕಣ್ಣು ಮುಚ್ಚಿಹೋಗಿತ್ತು. ನಾನು ಡಚೆಸ್‌ನ ಮರಿಗಳಲ್ಲಿ ಐದನ್ನು ಬೆರಳಿಟ್ಟು ತೋರಿಸಿದೆ. ಎರಡು ದಿನ ದೊಡ್ಡವು ಅನ್ನುವುದು ಆಗಿನ ನಿನಗೆ ಹೇಗೆ ಗೊತ್ತಾಗಬೇಕು? ಹದಿನಾಲ್ಕು ಎಂಟಾಗಿದ್ದನ್ನು ಎಣಿಸುವ ಸ್ಥಿತಿಯಲ್ಲೂ ನೀನಿರಲಿಲ್ಲ. ನೀನು ಅವುಗಳಲ್ಲಿ ಒಂದನ್ನು ಅಂಗೈಯಲ್ಲಿಟ್ಟುಕೊಂಡು, "ಇವಿಲ್ದಿದ್ರೆ ನಾನು ಇವತ್ತು ಮನೆಗೆ ಹೋಗ್ತಿರಲಿಲ್ಲ ಕಣೇ, ಸೀದಾ ಕಾಲುವೆ ಕಡೆ ಹೋಗ್ತಿದ್ದೆ" ಅಂದೆ. ಆಮೇಲೆ ನಿಜ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಒಂದು ತಿಂಗಳು ಬಿಟ್ಟು ಹೇಳೋಣ ಅಂದುಕೊಂಡೆ. ಆಗ ನೀನು ಪಂಜರ ಮಾಡುತ್ತಿದ್ದೆ. ಒಂದು ವರ್ಷ ಬಿಟ್ಟು ಹೇಳೋಣ ಅಂದುಕೊಂಡೆ, ಆಗ ನೀನು ನಗುತ್ತಿದ್ದೆ. ಹೀಗೇ ಹನ್ನೆರಡು ವರ್ಷ ಹೋಯಿತು.

ನಿನ್ನ ಮನೆಯಲ್ಲಿರುವುದು ನನ್ನ ಡಚೆಸ್‌ನ ಸಂತತಿ. ಒಳ್ಳೆಯ ಇಲಿಗಳು, ನೀನು ಸಾಕಿದ ಇಲಿಗಳು, ಅವುಗಳ ಬಹುಮಾನ ನಿನ್ನದೇ. ಆದರೆ ಅವುಗಳಲ್ಲಿ ಪಾರ್ಕಿನ್ ಇಲ್ಲ.

ಕಾಲುವೆಯ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆದರೂ ಇದನ್ನು ಬರೆಯದೆ ಆ ಮೇಜಿನ ಮೇಲೆ ಮಲಗಿ ಏನಾದರೂ ಹೆಚ್ಚುಕಡಿಮೆ ಆದರೆ ಈ ಸುಳ್ಳು ನನ್ನ ಜೊತೆಗೇ ಹೋಗುತ್ತದೆ, ಹಾಗೆ ಆಗಬಾರದು. ಟಾಫಿಗೆ ದಿನಕ್ಕೊಂದು ಚೂರು ಬೆಂದ ಮೊಟ್ಟೆ, ಹಾಲಿನಲ್ಲಿ ನೆನೆಸಿದ ಬ್ರೆಡ್ ಕೊಡುತ್ತಿದ್ದೇನೆ. ಒಂಬತ್ತೂ ಹಾಲು ಕುಡಿದು ಗುಂಡಗಿವೆ. ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ, ಹದಿನೇಳಕ್ಕೆ, ಜಿಲ್ ಅವನ್ನು ಕಾರಿನಲ್ಲಿ ತರುತ್ತಾಳೆ. ಬೇಡ ಅನ್ನಿಸಿದರೆ ಬಾಗಿಲು ತೆರೆಯಬೇಡ, ಅವಳು ವಾಪಸ್ ತರುತ್ತಾಳೆ. ನಾನು ಒಂದು ಮಾತೂ ಆಡುವುದಿಲ್ಲ.

ಹದಿನಾಲ್ಕನೇ ದಿನಕ್ಕೆ ಮರಿಗಳು ಕಣ್ಣು ಬಿಡುತ್ತವೆ, ಅದು ಇಪ್ಪತ್ತನೇ ತಾರೀಖು. ಅವು ಕಣ್ಣು ಬಿಡುವ ದಿನ ನನಗೆ ಕಣ್ಣು ಮುಚ್ಚಿಸುತ್ತಾರೆ. ನಾರ್ಮನ್ ಇದ್ದಿದ್ದರೆ ಇದಕ್ಕೆ ಒಂದು ವಾರ ನಗುತ್ತಿದ್ದ.

ಹೀಗೆ ಬರೆದುಕೊಳ್ಳುವ ಹಕ್ಕು ಇನ್ನೂ ಉಳಿದಿದ್ದರೆ,
ನಿನ್ನ ಗೆಳತಿ
ಎನಿಡ್ ಹೊಲ್ರಾಯ್ಡ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ನಾಚಿಕೆಯಾಯಿತು. ಅವತ್ತು ನೀನು ಹೋದ ಮೇಲೆ ಹೂಳೋಣ ಅಂತ ಏಪ್ರನ್ ಜೇಬಿನಿಂದ ಆ ಆರನ್ನೂ ತೆಗೆದೆ. ಒಂದು ಬಾಯಿ ತೆರೆಯಿತು. ನನ್ನ ಮೈಯ ಬಿಸಿಗೆ ಜೀವ ಹಿಡಿದುಕೊಂಡಿತ್ತು. ಡಚೆಸ್‌ನ ಹೊಸ ಗೂಡಿನ ಕಾಗದದಲ್ಲಿ ಉಜ್ಜಿ ಒಳಗೆ ಸೇರಿಸಿದೆ, ಅವಳು ಸುಮ್ಮನೆ ಒಪ್ಪಿಕೊಂಡಳು. ಎಲ್ಲಕ್ಕಿಂತ ಚಿಕ್ಕದು, ಉಳಿಯುವುದಿಲ್ಲ ಅಂತಲೇ ಅಂದುಕೊಂಡೆ. ಉಳಿಯಿತು. ಕೇಕಿನಲ್ಲಿ ಕೊನೆಗುಳಿದ ಚೂರು ಅಂತ ಅದಕ್ಕೆ ಕ್ರಂಬ್ ಅಂತ ಹೆಸರಿಟ್ಟೆ. ನಿನ್ನ ಬಳಿ ಐದಿವೆಯಲ್ಲ, ಸಾಕು ಅಂತ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನಗೂ ಬೇಕಿತ್ತು ಬೆರಿಲ್. ಅವನ ಮೇಲೆ ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಹದಿನಾಲ್ಕು ವರ್ಷ ಒಂದೇ ಮೇಜಿನಲ್ಲಿ ಜೊತೆಗೆ ಕೂತವನು ಸತ್ತರೆ ಇಲಿ ಕ್ಲಬ್ಬಿನ ಗೆಳತಿಗೆ ಯಾರೂ ಸಂತಾಪದ ಕಾರ್ಡ್ ಕಳಿಸುವುದಿಲ್ಲ. ಟಾಫಿ ಆ ಕ್ರಂಬ್‌ನ ಹನ್ನೊಂದನೇ ತಲೆಮಾರಿನವಳು. ನಿನ್ನ ಗಂಡಿಲಿಯನ್ನು ಯಾಕೆ ಕೇಳಿದ್ದೆ ಅಂತ ಈಗ ಗೊತ್ತಾಯಿತಲ್ಲ? ನಿಜ ಹೇಳದೆಯೇ ಪಾರ್ಕಿನ್‌ನ ರಕ್ತವನ್ನು ನಿನ್ನ ಮನೆಗೆ ಸೇರಿಸಲು ನೋಡಿದ್ದೆ. ಟಾಫಿಯನ್ನು ಹೊರಗೆ ಬಿಟ್ಟರೆ ಸೀದಾ ಕಾಲರಿನೊಳಗೆ ನುಗ್ಗುತ್ತಾಳೆ, ಕುತ್ತಿಗೆಗೆ ಅಂಟಿಕೊಂಡು ಹಲ್ಲು ಮಸೆಯುತ್ತಾಳೆ. ಯಾರೂ ಕಲಿಸಿದ್ದಲ್ಲ. ನಾರ್ಮನ್ ನೋಡಿ ಹೋಗುತ್ತೇನೆ ಅಂದಿದ್ದ ಮರಿಗಳ ಮರಿಗಳು ಹದಿನೇಳಕ್ಕೆ ಮನೆಗೆ ಬರುತ್ತಿವೆ. ಬಾಗಿಲು ತೆರೆ. ಮತ್ತೆ, ನನ್ನಾಣೆ, ನೋಡುವವರು ಯಾರೇ ಬರಲಿ, ಪಂಜರ ತೊಳೆಯಬೇಡ.